ಗಿಣ್ಣು ಹಂಚದ ವರ್ಷ

ಆಗೆಲ್ಲ ನಮ್ಮೂರಲ್ಲಿ ಯಾರ ಮನೆಯ ಹಸು ಕರು ಹಾಕಿದರೂ ಆ ಸುದ್ದಿ ಕಿವಿಗಿಂತ ಮೊದಲು ಮೂಗಿಗೆ ಮುಟ್ಟುತ್ತಿತ್ತು. ಹಬೆಯಲ್ಲಿ ಬೇಯುವ ಗಿಣ್ಣುಹಾಲು, ಕರಗಿದ ಅಚ್ಚುಬೆಲ್ಲ, ಜಜ್ಜಿದ ಏಲಕ್ಕಿಯ ವಾಸನೆ ಬೀದಿಗೆ ಬಂದರೆ ಸಾಕು, ಕುಂಟೆಬಿಲ್ಲೆ ಆಡುತ್ತಿದ್ದ ನಾವು ಎತ್ತಿದ ಕಾಲನ್ನು ಇಳಿಸಿ ಆ ಕಡೆ ಓಡುತ್ತಿದ್ದೆವು. ಕಿಕ್ಕೇರಿಯಿಂದ ಒಂದಿಷ್ಟು ಒಳಗಿರುವ ನಮ್ಮೂರಿನಲ್ಲಿ ಗಿಣ್ಣು ಎಂದರೆ ನಮ್ಮಜ್ಜಿ ಮಾಡಿದ ಗಿಣ್ಣು. ಮುತ್ತುಗದೆಲೆಯ ಮೇಲೆ ಇಟ್ಟರೆ ಅಲುಗಬೇಕು, ಒಡೆಯಬಾರದು. ನಮ್ಮ ಬೀದಿಯ ಹದಿನಾಲ್ಕು ಮನೆಗೂ ಅಜ್ಜಿಯೇ ಕೈಯಾರೆ ಕೊಟ್ಟು ಬರುತ್ತಿದ್ದಳು. ಆ ಕೆಲಸವನ್ನು ಸೊಸೆಗೆ, ಅಂದರೆ ನಮ್ಮವ್ವನಿಗೆ, ಒಂದು ದಿನವೂ ಬಿಟ್ಟುಕೊಟ್ಟವಳಲ್ಲ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮ ಸೀಮೆಹಸು ಮುತ್ತಿ ಎರಡನೇ ಕರು ಹಾಕಿತು, ಅದೂ ಹೆಣ್ಣುಗರು. ಅಜ್ಜಿ ಬೆಳಿಗ್ಗೆಯೇ ಬೀದಿಗೆಲ್ಲ ಸಾರಿಬಂದಳು: "ಎಣ್ಗರ ಕಣ್ರವ್ವಾ! ನಾಳೀಕೆ ಗಿಣ್ಣು ಕೊಡ್ತೀನಿ, ಮಕ್ಳಿಗೆ ಯೋಳಿ."

ಕರು ಹೊಟ್ಟೆ ತುಂಬ ಕುಡಿದು ಮಲಗಿತು. ಸಂಜೆಯ ಹೊತ್ತಿಗೆ ಮುತ್ತಿಯ ಕೆಚ್ಚಲಿನ ಒಂದು ಭಾಗ ಕಲ್ಲಿನಂತೆ ಗಟ್ಟಿಯಾಯಿತು. ಮುಟ್ಟಲು ಹೋದರೆ ಒದೆಯುತ್ತಿತ್ತು. ಹೋದ ಸಲವೂ ಹೀಗೇ ಕೆಚ್ಚಲು ಬಾವು ಬಂದಿತ್ತು. ಆಗ ಡಾಕ್ಟರು ಕೊಟ್ಟಿದ್ದ ಆಂಟಿಬಯೋಟಿಕ್ ಔಷಧಿಯ ಎರಡು ಟ್ಯೂಬುಗಳನ್ನು ಅಪ್ಪ ಉಳಿಸಿ ಗೂಡಿನಲ್ಲಿ ಇಟ್ಟಿದ್ದ. ಅದರಲ್ಲಿ ಒಂದನ್ನು ತಂದು ಮೊಲೆಯೊಳಕ್ಕೆ ತಾನೇ ಬಿಟ್ಟ. ಬೆಳಿಗ್ಗೆ ಇನ್ನೊಂದನ್ನೂ ಬಿಟ್ಟ. ಬಾವು ಇಳಿಯಲಿಲ್ಲ, ಜ್ವರ ಏರಿತು. ಕೊನೆಗೆ ಪಶು ಡಾಕ್ಟರಿಗೆ ಫೋನ್ ಹೋಯಿತು.

ಡಾಕ್ಟರು ಕೆಚ್ಚಲು ಮುಟ್ಟಿ ನೋಡಿ, "ಹೋದ ಸಲ ಔಷಧಿ ಪೂರ್ತಿ ಹಾಕಿದ್ರಾ?" ಎಂದರು.

"ಎರಡು ದಿನಕ್ಕೇ ಇಳೀತು ಸಾ. ಸುಮ್ನೆ ಯಾಕೆ ದಂಡ ಅಂತ ನಿಲ್ಲಿಸ್ಬುಟ್ಟೆ."

ಅಲ್ಲಿ ನಾನು ಬಾಯಿ ಹಾಕಿದೆ. ಹಿಂದಿನ ವಾರವಷ್ಟೇ ಸೈನ್ಸ್ ಮಿಸ್ಸು ಆಂಟಿಬಯೋಟಿಕ್ ಎಂದರೇನು ಎಂದು ಕ್ಲಾಸಿನಲ್ಲಿ ಕೇಳಿದ್ದರು. "ನೆಗಡಿ ಮಾತ್ರೆ" ಎಂದ ಒಬ್ಬ. "ಪವರ್ ಜಾಸ್ತಿ ಇರೋ ಮಾತ್ರೆ" ಎಂದಳು ನನ್ನ ಪಕ್ಕದವಳು. "ಆಗಾಗ ತಗೊಂಡ್ರೆ ನಮ್ಮ ಮೈಗೆ ಒಗ್ಗಿ, ಆಮೇಲೆ ಕೆಲಸ ಮಾಡಲ್ಲ" ಎಂದು ನಾನು ಮಹಾ ಪಂಡಿತೆಯ ಹಾಗೆ ಹೇಳಿ ಕೂರುವಷ್ಟರಲ್ಲಿ ಬೆಲ್ಲು ಹೊಡೆದಿತ್ತು. ಆ ಪಾಂಡಿತ್ಯವನ್ನೇ ಈಗ ಕೊಟ್ಟಿಗೆಯಲ್ಲಿ ಬಿಚ್ಚಿದೆ: "ಮುತ್ತಿ ಮೈಗೆ ಔಷಧಿ ಒಗ್ಗಿಬಿಟ್ಟಿದೆ ಸಾರ್."

ಡಾಕ್ಟರು ನಕ್ಕರು. "ಹಸುವಿನ ಮೈಗಲ್ಲಮ್ಮ, ಒಳಗಿರೋ ಕ್ರಿಮಿಗೆ. ಅರ್ಧಕ್ಕೆ ನಿಲ್ಲಿಸಿದರೆ ಗಟ್ಟಿ ಕ್ರಿಮಿಗಳು ಸಾಯದೆ ಉಳಿದು, ಅವೇ ಬೆಳೀತವೆ. ಆಮೇಲೆ ಅದೇ ಔಷಧಿ ಕೊಟ್ಟರೆ ಬಗ್ಗಲ್ಲ. ಅಂಥವು ದನದಿಂದ ಜನಕ್ಕೂ ಬರಬಹುದು." ಬೇರೆ ಇಂಜೆಕ್ಷನ್ ಹಾಕಿದರು. ಹೊರಡುವಾಗ ಅಜ್ಜಿಯ ಕಡೆ ತಿರುಗಿ, "ಔಷಧಿ ನಾಲ್ಕೂ ಮೊಲೆಯ ಹಾಲಿಗೆ ಇಳಿದಿರುತ್ತೆ. ನಾನು ಹೇಳೋವರೆಗೂ ಇದರ ಹಾಲು ಡೇರಿಗೂ ಬೇಡ, ಮನೆಗೂ ಬೇಡ" ಎಂದರು.

"ಚೆನ್ನಾಗಿ ಕಾಯ್ಸಿದ್ರೆ ಓಗಕಿಲ್ವ ಸ್ವಾಮಿ?"

"ಕಾಯಿಸಿದರೆ ಔಷಧಿ ಹೋಗಲ್ಲಮ್ಮ."

ಬೈಕಿನ ಸದ್ದು ಮರೆಯಾದ ಮೇಲೆ ಎಲ್ಲರೂ ಅಡುಗೆಮನೆಗೆ ಬಂದೆವು. ಆ ಬೆಳಿಗ್ಗೆ ಕರೆದ ಗಿಣ್ಣುಹಾಲು ಹಿತ್ತಾಳೆ ತಪ್ಪಲೆಯಲ್ಲಿ ಹಳದಿಯಾಗಿ ಮಂದವಾಗಿ ಕೂತಿತ್ತು. ಪಕ್ಕದಲ್ಲಿ ಬೆಲ್ಲ ಕುಟ್ಟಿಟ್ಟಿತ್ತು. "ಬಾವಿಲ್ದಿರೊ ಮೂರು ಮೊಲೆ ಆಲು ತಾನೆ, ಒಂದೊಂದು ಚೂರು ತಿಂದ್ರೆ ಏನಾದದು ಬುಡವ್ವ" ಎಂದ ಅಪ್ಪ. ಅಜ್ಜಿ ತಪ್ಪಲೆಯನ್ನು ಒಲೆಯ ಕಡೆ ಎಳೆದುಕೊಂಡಳು. ನಾನು ಅದರ ಕಂಠ ಹಿಡಿದುಕೊಂಡೆ.

"ಬುಡೇ! ಗಿಣ್ಣಾಲ ಯಾರಾದ್ರೂ ಮಣ್ಣಿಗೆ ಉಯ್ದಾರಾ? ಬೀದಿಗೆಲ್ಲ ಮಾತು ಕೊಟ್ಟಿವ್ನಿ. ಈಗ ಇಲ್ಲ ಅಂದ್ರೆ ನನ್ ಮಾನ ಏನಾದದು?"

ನನಗೆ ಅಳು ಬಂದಿತ್ತು. ಆದರೂ ಬಿಡಲಿಲ್ಲ. "ನೀನು ಕೊಟ್ರೆ ಯಾರೂ ಏನೂ ಕೇಳಕಿಲ್ಲ ಅಜ್ಜಿ. ಎದುರ್ಮನೆ ಜಯಕ್ಕನ ಮೊಮ್ಮಗನೂ ಬಾಯ್ ತೆರ್ಕಂಡು ತಿಂತಾನೆ. ಅದಕ್ಕೇ ನೀನು ಕೊಡಬ್ಯಾಡ."

ಅಜ್ಜಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ತಪ್ಪಲೆಯನ್ನು ಎತ್ತಿಕೊಂಡು ಎದ್ದಳು. ಹಿತ್ತಿಲಾಚೆ ಅಪ್ಪನಿಂದ ಗುಂಡಿ ತೋಡಿಸಿ, "ತಪ್ಪಾಯ್ತು ಕಣವ್ವ" ಎಂದು ಭೂಮಿಗೆ ಕೈಮುಗಿದು ಹಾಲು ಸುರಿದಳು. ಮಣ್ಣನ್ನೂ ತಾನೇ ಎಳೆದಳು. ಕರುವಿಗೆ ನಮ್ಮ ಇನ್ನೊಂದು ಹಸುವಿನ ಹಾಲಾಯಿತು. ಕೈ ತೊಳೆದುಕೊಂಡ ಅಜ್ಜಿ ಸೆರಗು ಸರಿಮಾಡಿಕೊಂಡು, "ನಡಿ, ಯೋಳ್ಬುಟ್ಟು ಬರುವ" ಎಂದಳು.

ಮೊದಲ ಬಾಗಿಲು ಎದುರುಮನೆಯ ಜಯಕ್ಕನದು. ಅವಳ ನಾಲ್ಕು ವರ್ಷದ ಮೊಮ್ಮಗ ತಟ್ಟೆ ಹಿಡಿದೇ ಓಡಿಬಂದ. ವಿಷಯ ಕೇಳಿದ ಜಯಕ್ಕನ ಮುಖ ಗಂಟಾಯಿತು. "ಕೊಡಾಕೆ ಮನ್ಸಿಲ್ದಿದ್ರೆ ಅಂಗೇ ಅಂದ್ಬುಡು ದೊಡ್ಡವ್ವ. ಔಸ್ದಿ ಅಂತ ಯಾಕೆ ಕತೆ ಕಟ್ಟೀಯೆ?"

ಅಜ್ಜಿಗೆ ಆ ಬೀದಿಯಲ್ಲಿ ಅಂಥ ಮಾತು ಯಾರೂ ಆಡಿರಲಿಲ್ಲ. ಅವಳ ಮುಖ ಸಣ್ಣದಾದದ್ದು ನೋಡಿ ನಾನು ಮುಂದೆ ಬಂದೆ. ಗಡಬಡಿಸಿ ಪುಸ್ತಕದ ಮಾತೆಲ್ಲ ಒದರಿದೆ. ಜಯಕ್ಕನಿಗೆ ಏನೂ ತಿಳಿಯಲಿಲ್ಲ, ಮಗು ಅಳತೊಡಗಿತು. ಎರಡನೇ ಮನೆಯಲ್ಲಿ ನನ್ನ ನಾಲಿಗೆ ಸ್ವಲ್ಪ ನೆಟ್ಟಗಾಯಿತು. ಐದನೇ ಮನೆಯಲ್ಲಿ ಕ್ರಿಮಿ ಯಾವುದು, ಮೈ ಯಾವುದು ಎಂದು ಬಿಡಿಸಿ ಹೇಳಿದೆ. ಆರನೇ ಮನೆಯಲ್ಲಿ ಬಾಯಿ ತೆರೆಯುವಷ್ಟರಲ್ಲಿ ಅಜ್ಜಿಯೇ ಶುರುಮಾಡಿದಳು.

"ಕಳೆ ಅರ್ಧಂಬರ್ಧ ಕಿತ್ತು ಎದ್ದೋದ್ರೆ ಏನಾದದು ಯೋಳು? ಬೇರು ಗಟ್ಟಿಯಾಗಿರವೇ ಉಳ್ಕತವೆ, ಅವೇ ಬೀಜ ಉದುರುಸ್ತವೆ. ಮುಂದಿನ್ ಸಲ ಒಲದ ತುಂಬ ಅವೇಯ. ಔಸ್ದಿ ಅರ್ಧಕ್ಕೆ ಬುಟ್ರೂ ಅಂಗೇ ಕಣವ್ವ."

ನನಗೆ ಎದೆ ಉಬ್ಬಿಹೋಯಿತು. ಹೆಬ್ಬೆಟ್ಟು ಒತ್ತುತ್ತಿದ್ದ ನಮ್ಮಜ್ಜಿ ನನ್ನ ಪಾಠವನ್ನು ನನಗಿಂತ ಚೆನ್ನಾಗಿ ಮಾಡುತ್ತಿದ್ದಳು. ಉಳಿದ ಮನೆಗಳಲ್ಲಿ ನಾನು ಬರೀ ತಲೆಯಾಡಿಸಿದೆ. ಇನ್ನೂ ಒಂದಿಬ್ಬರು ಮೂಗು ಮುರಿದರು, ಆದರೆ ಅಜ್ಜಿ ಯಾವ ಬಾಗಿಲನ್ನೂ ಬಿಡಲಿಲ್ಲ.

ಸಂಜೆ ಜಯಕ್ಕ ಒಂದು ಪ್ಲಾಸ್ಟಿಕ್ ಕವರು ಹಿಡಿದು ನಮ್ಮ ಜಗಲಿಗೆ ಬಂದಳು. ಒಳಗೆ ಅರ್ಧರ್ಧ ಖಾಲಿಯಾದ ಮಾತ್ರೆಯ ಸ್ಟ್ರಿಪ್ಪುಗಳು, ತಳದಲ್ಲಿ ಔಷಧಿ ಉಳಿದ ಒಂದು ಸೀಸೆ. ಕಣ್ಣೆತ್ತದೆ ಕೇಳಿದಳು: "ಮೊಗೀಗೆ ಮೈ ಬೆಚ್ಚಗದೆ. ಓದ್ಸಲ ತಂದಿದ್ದು ಉಳ್ದದೆ, ಅದ್ನೇ ಉಯ್ಲಾ ದೊಡ್ಡವ್ವ?"

ಅಜ್ಜಿ ಕಾಲು ನೀಡಿ ಎಲೆಅಡಿಕೆ ಹಾಕುತ್ತಿದ್ದವಳು ನನ್ನ ಕಡೆ ಕೈ ತೋರಿಸಿದಳು. "ನನ್ನೇನ್ ಕೇಳೀಯೆ? ನಮ್ ಮಗೀನ ಕೇಳು. ಅವ್ಳಿಗೆ ಗೊತ್ತು."

"ಉಯ್ಯಬ್ಯಾಡಿ ಜಯಕ್ಕ, ಡಾಕ್ಟ್ರಿಗೆ ತೋರಿಸಿ" ಎಂದೆ. ಮಾರನೆಯ ಬೆಳಿಗ್ಗೆ ಅವಳು ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಕಿಕ್ಕೇರಿ ಬಸ್ಸು ಹತ್ತಿದ್ದನ್ನು ನಾನೇ ನೋಡಿದೆ. ಮುಂದೆ ಎಷ್ಟೋ ಪರೀಕ್ಷೆ ಪಾಸಾಗಿದ್ದೇನೆ, ಅಷ್ಟು ಹೆಮ್ಮೆ ಯಾವತ್ತೂ ಆಗಲಿಲ್ಲ.

ಈಗ ನಾಗಮಂಗಲದ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನ ಕ್ಲಾಸಿನ ಮಕ್ಕಳು ಆಂಟಿಬಯೋಟಿಕ್ ಎಂದರೇನು ಎಂಬ ಪ್ರಶ್ನೆಗೆ ಒಂದಕ್ಷರ ತಪ್ಪದೆ ಉತ್ತರ ಬರೆಯುತ್ತಾರೆ. ಅದು ಸಂತೋಷವೇ. ಅಜ್ಜಿ ಹೋಗಿ ಬಹಳ ವರ್ಷವಾಯಿತು. ಗಿಣ್ಣಿನ ಪುಡಿ ಅಂಗಡಿಯ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ, ಯಾರ ಹಸು ಯಾವಾಗ ಕರು ಹಾಕಿತು ಎಂಬುದು ನಮ್ಮ ಬೀದಿಯಲ್ಲಿ ಪಕ್ಕದ ಮನೆಗೂ ತಿಳಿಯುವುದಿಲ್ಲ. ಕೊಡುವವರು, ಮಾರುವವರು ಇವತ್ತಿಗೂ ಬೇಕಾದಷ್ಟಿದ್ದಾರೆ. ನಿಮಗೆ ಒಳ್ಳೆಯದಲ್ಲ, ಅದಕ್ಕೇ ಕೊಡುವುದಿಲ್ಲ ಎಂದು ಹೇಳಲು ಬರಿಗೈಯಲ್ಲಿ ಹದಿನಾಲ್ಕು ಬಾಗಿಲಿಗೆ ಹೋಗಿ ನಿಂತವರನ್ನು ಮಾತ್ರ ನಾನು ಮತ್ತೆ ಕಂಡಿಲ್ಲ.