ರಾಣಿಗುಡ್ಡದ ಕಥೆ ಕೇಳಲು ಹೋಗಿ

ಸಿದ್ದಾಪುರದ ಅಂಚಿನ ಗುಡ್ಡ ಹತ್ತಿದಾಗ ಬಂಡೆಯ ಬುಡದಲ್ಲಿ ಹೊಸದಾಗಿ ಅಗೆದ ಗುಂಡಿ ಕಂಡಿತು. ಪಕ್ಕದಲ್ಲೇ ಹುಲ್ಲು ಕೊಯ್ಯುತ್ತಿದ್ದ ಹೆಂಗಸು ಕತ್ತಿ ಹಿಡಿದೇ ಎದ್ದಳು. ಅಗೆದದ್ದು ಇವಳ ಕಡೆಯವರೇ ಇರಬೇಕು ಎನಿಸಿ ನಾನು ಹಿಂದೆ ಸರಿದೆ.

“ಎಂತಕ್ಕೆ ಬಂದ್ರಿ?” ಎಂದಳು.

“ರಾಣಿಯೊಬ್ಬಳು ಇಲ್ಲಿ ಒಡವೆ ಹೂತಿಟ್ಟಳಂತಲ್ಲ, ಆ ಕಥೆ ಕೇಳೋಣ ಅಂತ.”

“ಚೀಲ ಬಿಚ್ಚಿ ತೋರ್ಸಿ.”

ತೋರಿಸಿದೆ. ನೀರಿನ ಬಾಟಲಿ, ಕ್ಯಾಮೆರಾ, ಟವೆಲ್. ಅವಳ ಮುಖ ಸಡಿಲಾಗಲಿಲ್ಲ.

“ಹೋದ ವಾರ ಬಂದವ್ನೂ ಕಥೆ ಕೇಳ್ಲಿಕ್ಕೇ ಬಂದಿದ್ದ ಮಾರಾಯ್ರೆ. ನಮ್ಮತ್ತೆ ಕೂರ್ಸಿ, ಚಾ ಕೊಟ್ಟು ಎಲ್ಲಾ ಹೇಳಿದ್ರು. ಮಾರನೇ ದಿನ ನೋಡಿದ್ರೆ ಒಡವೆ ಆಸೆಗೆ ಈ ಗುಂಡಿ ಅಗೆದು, ನಾವು ಪೂಜೆ ಮಾಡೋ ಚೌಡಿ ಕಲ್ಲನ್ನೇ ಕಿತ್ತು ಹಾಕಿದ್ದ. ಅವತ್ತಿಂದ ಅತ್ತೆ ಯಾರ ಹತ್ರನೂ ಮಾತಾಡ್ತಿಲ್ಲ.”

ಬಿಚ್ಚಿದ ಚೀಲ ಕಟ್ಟಿಕೊಂಡೆ. ಗುಡ್ಡ ಇಳಿದೆ. ರಸ್ತೆ ಮುಟ್ಟುವವರೆಗೂ ಅವಳು ಹಿಂದೆಯೇ ಬಂದಳು. ನಾನು ಬಸ್ಸು ಹತ್ತಿದ ಮೇಲೂ, ಅದು ಹೊರಡುವ ತನಕ ಅಲ್ಲೇ ನಿಂತಿದ್ದಳು.