ಕೆಂಪು ಗೆರೆ ದಾಟಿದ ಮುಳ್ಳು

ಪೆಟ್ರೋಲಿನ ಬೆಲೆ ಏರಿ ಎಲ್ಲರಿಗೂ ಸೂರ್ಯನ ನೆನಪಾದ ಆ ವರ್ಷಗಳಲ್ಲಿ ನಾನು ಮುಂಬಯಿಯ ಜೋಗೇಶ್ವರಿಯ ಸಣ್ಣ ವರ್ಕ್‌ಶಾಪೊಂದರಲ್ಲಿ ಇಂಜಿನಿಯರ್ ಆಗಿದ್ದೆ. ಬಿಸಿಲಿನಿಂದ ಸ್ನಾನದ ನೀರು ಕಾಯಿಸುವುದು ಕಷ್ಟವಲ್ಲ. ಹಬೆಯಿಂದ ವಿದ್ಯುತ್ ತೆಗೆಯಬೇಕಾದರೆ ಅದಕ್ಕಿಂತ ಎಷ್ಟೋ ಹೆಚ್ಚಿನ ಶಾಖ ಬೇಕು. ದೋಣಿಯಂಥ ಚೌಕಟ್ಟಿಗೆ ಕನ್ನಡಿಪಟ್ಟಿ ಜೋಡಿಸಿ, ಎಣ್ಣೆ ಹರಿಯುವ ಒಂದು ಕೊಳವೆಯ ಮೇಲೆ ಬಿಸಿಲನ್ನೆಲ್ಲ ಬೀಳಿಸುತ್ತಿದ್ದೆವು. ಆದರೆ ಕೊಳವೆಗೆ ಬಳಿದ ಕಪ್ಪು ಬಣ್ಣ ಸುಟ್ಟು ಉದುರುತ್ತಿತ್ತು, ಉಳಿದ ಶಾಖವನ್ನು ಗಾಳಿ ಒಯ್ಯುತ್ತಿತ್ತು. ಕೊನೆಗೆ ಬಣ್ಣ ಬಿಟ್ಟು ಕಪ್ಪು ನಿಕ್ಕಲ್ ಲೇಪ ಹಾಕಿಸಿ, ಸುತ್ತಲೂ ಗಾಜಿನ ಕೊಳವೆ ತೊಡಿಸಿದೆ. ಅಷ್ಟುದ್ದದ ಗಾಜು ಸಿಕ್ಕಿದ್ದು ಒಂದೇ. ಎಣ್ಣೆ ಮುಟ್ಟಬೇಕಾದ ಶಾಖಕ್ಕೆ ಉಷ್ಣತಾಮಾಪಕದ ಡಯಲಿನ ಮೇಲೆ ಕೆಂಪು ಗೆರೆ ಎಳೆದೆ. ಮುಳ್ಳು ಅದನ್ನು ದಾಟಿದರೆ ದೊಡ್ಡದೊಂದನ್ನು ಕಟ್ಟಿಸುವುದಾಗಿ ಗಿರಣಿಯೊಂದರ ಅಧಿಕಾರಿ ಮಾತು ಕೊಟ್ಟಿದ್ದರು.

ಅವರನ್ನು ಕರೆಯಲು ಮೈಸೂರು ಕಡೆಯವರಾದ ನಮ್ಮ ಯಜಮಾನರು ಆಯುಧಪೂಜೆಯ ದಿನವನ್ನೇ ಆರಿಸಿದರು.

"ಪೂಜೆ ಬೆಳಿಗ್ಗೆಯೇ ಮುಗಿಸೋಣ ಸಾರ್. ಮಧ್ಯಾಹ್ನ ಗಾಜು ಕಾದಿರುತ್ತೆ" ಎಂದೆ.

"ಬೆಳಿಗ್ಗೆ ರಾಹುಕಾಲ. ನಾಲ್ಕಕ್ಷರ ಓದಿದ ಮಾತ್ರಕ್ಕೆ ಸೂರ್ಯನ ಅಪ್ಪ ಆಗಲ್ಲ ಕಣ್ರೀ ನೀವು!"

ಮಧ್ಯಾಹ್ನ ಕನ್ನಡಿಗೆ ಸೇವಂತಿಗೆ ಹಾರ, ಚೌಕಟ್ಟಿಗೆ ಕುಂಕುಮ. ಯಜಮಾನರು ಮಂತ್ರ ಹೇಳುತ್ತ ತೆಂಗಿನಕಾಯಿ ಎತ್ತಿದರು. ಅತಿಥಿಯೂ ಸೇರಿ ಎಲ್ಲರೂ ಕೈಮುಗಿದು ಕಣ್ಣು ಮುಚ್ಚಿದರು. ದೇವರನ್ನು ನಂಬದ ನಾನೊಬ್ಬ ಮುಳ್ಳನ್ನೇ ನೋಡುತ್ತಿದ್ದೆ. ಅದು ಗೆರೆ ಮುಟ್ಟಿತು, ದಾಟಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಚೌಕಟ್ಟಿನ ಕಬ್ಬಿಣದ ಕಾಲಿಗೆ ಬಡಿದ ಕಾಯಿ ಒಡೆದು, ನೀರು ಕಾದ ಗಾಜಿನ ಮೇಲೆ ಹಾರಿತು. ಗಾಜು ಉದ್ದಕ್ಕೂ ಸೀಳಿ ಉದುರಿತು. ಚೂರು ತಗಲಿ ಕನ್ನಡಿಯೂ ವಾಲಿ, ಬಿಸಿಲು ಕೊಳವೆಯಿಂದ ಜಾರಿತು. ಅವರೆಲ್ಲ ಬೆಚ್ಚಿ, ಸಾವರಿಸಿಕೊಂಡು ಡಯಲಿನತ್ತ ತಿರುಗುವಾಗ ಮುಳ್ಳು ಕೆಳಗಿಳಿದಿತ್ತು.

"ದಾಟಿತ್ತು" ಎಂದೆ.

"ಹಮ್ನೆ ತೋ ನಹೀಂ ದೇಖಾ, ಭಾಯ್‌ಸಾಬ್" ಎಂದ ಅತಿಥಿ, ಕಾಣದ್ದನ್ನು ಒಪ್ಪದೆ, ಪ್ರಸಾದ ತೆಗೆದುಕೊಂಡು ಹೊರಟರು.

"ಹಬ್ಬದ ದಿನವೇ ಒಡೀತು ಅಂದ್ರೆ ಸೂರ್ಯನಿಗೇ ಇಷ್ಟ ಇಲ್ಲ" ಎಂದರು ಯಜಮಾನರು. ಎರಡನೆಯ ಗಾಜು ಬರಲೇ ಇಲ್ಲ. ಕನ್ನಡಿಪಟ್ಟಿಗಳು ಗ್ರಾಂಟ್ ರೋಡಿನ ಉಡುಪಿ ಹೋಟೆಲೊಂದರ ಕೈತೊಳೆಯುವ ಜಾಗಕ್ಕೆ ಹೋದವು.

ಚೌಕಟ್ಟನ್ನು ಬೆಸೆದಿದ್ದ ವಿಜಾಪುರದ ಮುಸ್ಲಿಂ ವೆಲ್ಡರ್ ಡಯಲಿನ ಪಕ್ಕದಲ್ಲೇ ನಿಂತಿದ್ದ. ಅವನನ್ನು ಕೇಳಿದೆ.

"ನಾನೂ ಕಣ್ಣ ಮುಚ್ಚಿದ್ನಿ ಸಾಹೇಬ್ರ."

"ಪೂಜೆ ಅವರದು. ನೀನ್ಯಾಕೆ ಮುಚ್ಚಿದೆ ಮಾರಾಯ?"

"ಎಲ್ಲಾರೂ ಮುಚ್ಚಿದಾಗ ನಾ ಒಬ್ಬಾಂವ ಪಿಳಿಪಿಳಿ ನೋಡಿದ್ರ ಚೊಲೊ ಕಾಣತೈತೇನ್ರಿ? ನೀವು ನೋಡೀರಿ ಅಂದ್ರ ನೋಡೀರಿ, ಬಿಡ್ರಿ."

ಬಿಡಲಾಗಲಿಲ್ಲ. ಆಮೇಲೆ ದಾದರಿನ ಆಫೀಸೊಂದರಲ್ಲಿ ಪಂಪು ಮಾರುತ್ತ ಕೂತಾಗಲೂ ಅದನ್ನೇ ಕೆದಕುತ್ತಿದ್ದೆ. ಮುಳ್ಳು ನಿಜವಾಗಿ ದಾಟಿತ್ತೇ, ಇಲ್ಲವೆ ಓರೆಯಾಗಿ ನಿಂತಿದ್ದ ನನಗೆ ಹಾಗೆ ಕಂಡಿತೇ? ಒಬ್ಬನೇ ಸಾಕ್ಷಿ, ಅವನೇ ಫಲಾನುಭವಿ. ಅಂಥ ಸಾಕ್ಷ್ಯವನ್ನು ಬೇರೆ ಯಾರು ತಂದಿದ್ದರೂ ನಾನು ತಳ್ಳಿಹಾಕುತ್ತಿದ್ದೆ. ಈಗ ಕಣ್ಣು ಮುಚ್ಚಿದರೆ ಮುಳ್ಳು ಗೆರೆಯ ಆಚೆಗೇ ಇರುತ್ತದೆ. ಕಣ್ಣು ಮುಚ್ಚಿದಾಗ ಕಾಣುವುದನ್ನು ನಂಬುವವರನ್ನು ನೋಡಿ ನಗುತ್ತಿದ್ದವನು ನಾನು.