ನಾನು ಕಿತ್ತುಹಾಕಿದ ತಮಿಳು ಸಾಲುಗಳು

ಸೆಲ್ವಿ, ನಿನ್ನ ತಮಿಳು ಸಾಲುಗಳನ್ನು ತೆಗೆ ಎಂದು ನಮ್ಮ ಮಾಲೀಕರು ಹೇಳಿರಲಿಲ್ಲ. ತೆಗೆದವಳು ನಾನು. ಅವರು ಹೇಳಿದರೆಂದು ನಿನ್ನ ಮುಖ ನೋಡಿಕೊಂಡು ಸುಳ್ಳು ಹೇಳಿದವಳೂ ನಾನೇ.

ಇಷ್ಟನ್ನು ಬರೆಯುವುದಕ್ಕೆ ಇಷ್ಟು ವರ್ಷ ಬೇಕಾಯಿತು.

ಕೊಳ್ಳೇಗಾಲದ ಆ ಸಣ್ಣ ಕಚೇರಿಯಲ್ಲಿ ನಾವಿಬ್ಬರೂ ಒಂದೇ ಮೇಜಿಗೆ ಕೂರುತ್ತಿದ್ದೆವು — ಬಂಡಳ್ಳಿಯ ನಾನು, ಹೂಗ್ಯಂನ ನೀನು. ರೇಷ್ಮೆ ಸಾಕುವವರಿಗೆ ವಾರಕ್ಕೊಂದು ಸಲಹೆಯ ಹಾಳೆ ಕಳಿಸುವುದು ಕೆಲಸ: ಹುಳುವಿಗೆ ಸೊಪ್ಪು ಹಾಕುವುದನ್ನು ಯಾವಾಗ ನಿಲ್ಲಿಸಬೇಕು, ಹುಳುವಿನ ತಟ್ಟೆಗೆ ಸುಣ್ಣ ಯಾವಾಗ ಉದುರಿಸಬೇಕು. ಮಾಹಿತಿ ಎಕ್ಸ್‌ಎಂಎಲ್ ಕಡತವಾಗಿ ಬರುತ್ತಿತ್ತು. ಕಂಪ್ಯೂಟರಿಗೆ ನಾವು ಸಾಲು ಸಾಲಾಗಿ ಬರೆದಿಟ್ಟ ಸೂಚನೆಗಳ ಸ್ಟೈಲ್‌ಶೀಟು ಅದನ್ನು ಒಬ್ಬೊಬ್ಬ ರೈತನ ಹೆಸರಿನ ಹಾಳೆಯಾಗಿ ಮಾರ್ಪಡಿಸುತ್ತಿತ್ತು. ಕನ್ನಡದ ಭಾಗ ನನ್ನದು. ಅದರ ಕೆಳಗೆ, ಗಡಿಯ ಊರುಗಳಿಗೆಂದು, ತಮಿಳಿನ ಭಾಗ ನಿನ್ನದು. ಯಾರೂ ಅದನ್ನು ಕೇಳಿರಲಿಲ್ಲ. ನಿನ್ನ ಅಮ್ಮನಿಗೆ ತಮಿಳು ಬಿಟ್ಟು ಬೇರೆ ಅಕ್ಷರ ಬಾರದು, ಬೀದಿಯ ಹೆಂಗಸರಿಗೆಲ್ಲ ಹಾಳೆ ಓದಿ ಹೇಳುತ್ತಿದ್ದವರು ಅವರೇ — ಅದಕ್ಕಾಗಿ ನೀನಾಗಿ ಕೂತು ಬರೆದದ್ದು.

ರೈತರು ಹೆಚ್ಚಿದಂತೆ ಕೆಲಸ ನಿಧಾನವಾಯಿತು. ಗುಂಡಿ ಒತ್ತಿ ಊಟಕ್ಕೆ ಹೋಗಿ ಬಂದರೂ ಪರದೆ ಹಾಗೇ ಇರುತ್ತಿತ್ತು.

"ನಿನ್ ಕಂಪ್ಯೂಟ್ರು ಮಾದಪ್ಪನ ಬೆಟ್ಟ ಅತ್ತಾ ಅದೆ ಕಣಮ್ಮಿ," ಎನ್ನುತ್ತಿದ್ದೆ ನೀನು. "ಬರಿಗಾಲಲ್ಲಿ ಒಂಟದೆ. ಅರಕೆ ತೀರ್ಸ್ದೆ ಇಳಿಯಾಕಿಲ್ಲ."

ಮಾಲೀಕರು ನನ್ನನ್ನು ಕರೆದು ಒಂದೇ ಮಾತು ಹೇಳಿದರು: "ಡಿಗ್ರಿ ಮಾಡಿದೀಯಲ್ಲ ಗೌರಿ, ಬೇಗ ಆಗಂಗೆ ಮಾಡು."

ಡಿಗ್ರಿ. ಆ ಪದವನ್ನು ನಮ್ಮ ಮನೆಯೊಳಕ್ಕೆ ತಂದವಳು ನಾನೇ ಮೊದಲು. ಅದಕ್ಕಾಗಿ ಅವ್ವ ಕಂಡವರ ಹೊಲದಲ್ಲಿ ಕಳೆ ಕಿತ್ತಳು. ನಾನು ಹನೂರಿನ ಬಸ್ಸಿನಲ್ಲಿ ನಿಂತೇ ಓದಿದೆ. ಆ ಹೆಮ್ಮೆ ಇವತ್ತಿಗೂ ಇದೆ, ಮುಚ್ಚಿಡುವುದಿಲ್ಲ. ಆದರೆ "ಗೊತ್ತಿಲ್ಲ" ಎಂಬ ಮಾತು ನನ್ನ ಗಂಟಲಿನಿಂದ ಹೊರಡಲೇ ಇಲ್ಲ. ಯಾಕೆ ನಿಧಾನ ಎಂದು ನನಗೆ ತಿಳಿದಿರಲಿಲ್ಲ — ನಿನ್ನನ್ನು ಕೇಳಬಹುದಿತ್ತು, ಇಬ್ಬರೂ ಕೂತು ಹುಡುಕಬಹುದಿತ್ತು... ನೀನು ರಜೆ ಹಾಕಿದ್ದ ದಿನ ನಿನ್ನ ಭಾಗವನ್ನು ಕಿತ್ತುಹಾಕಿದೆ. ಕೆಲಸ ಅರ್ಧವಾದರೆ ಸಮಯವೂ ಇಳಿಯಲೇಬೇಕಲ್ಲ. ಇಳಿಯಿತು. ಮಾಲೀಕರು ಎಲ್ಲರ ಮುಂದೆ ಹೊಗಳಿದರು. ನಾನು ಸುಮ್ಮನೆ ಹೊಗಳಿಸಿಕೊಂಡೆ.

ನೀನು ಬಂದು ಕೇಳಿದೆ. "ನಮ್ ತಮಿಳು ಎಲ್ಲೋಯ್ತು ಗೌರಿ?"

"ಓನರೇ ತಗೀ ಅಂದ್ರು ಕಣೇ."

"ಅವ್ರ ಆಫೀಸು, ಅವ್ರಿಷ್ಟ. ಬುಡು," ಅಂದುಬಿಟ್ಟೆ ನೀನು. ಆ ಸಂಜೆ ಬಸ್ಸಿನಲ್ಲಿ ನನಗೇ ಸಮಾಧಾನ ಹೇಳಿದೆ — "ನೀನ್ಯಾಕ್ ಮೊಕ ಇಳಿಸ್ಕಂಡಿದ್ದೀಯೇ, ನಿಂದೇನ್ ತಪ್ಪು?" ತಿಂಗಳು ತುಂಬುವ ಮೊದಲೇ ನೀನು ಕೆಲಸ ಬಿಟ್ಟು ಯಳಂದೂರಿನ ಡಿಟಿಪಿ ಅಂಗಡಿ ಸೇರಿದೆ.

ಆಮೇಲೆ ಎಷ್ಟೋ ದಿನ ನಾನು ಪಕ್ಕದ ಸೀಟಿಗೆ ಬ್ಯಾಗು ಇಟ್ಟುಕೊಂಡು ಕೂರುತ್ತಿದ್ದೆ, ನೀನು ಕೊನೇ ಗಳಿಗೆಗೆ ಓಡಿ ಬಂದು ಹತ್ತುತ್ತೀಯ ಎಂಬಂತೆ. ನಿನ್ನ ಡಬ್ಬಿಯ ಹುಣಸೆ ಅನ್ನ, ನೀನು ಕಲಿಸಿದ ತಮಿಳು ಬೈಗುಳಗಳು — ಈಗ ಅವುಗಳಲ್ಲಿ ನನ್ನನ್ನು ಬೈಯುವವರೂ ಇಲ್ಲ.

ಈ ವರ್ಷ ಕಡತ ಮತ್ತೆ ಹಿಗ್ಗಿತು, ಮತ್ತೆ ನಿಧಾನ. ಈ ಸಲ ಕಿತ್ತುಹಾಕಲು ಏನೂ ಉಳಿದಿರಲಿಲ್ಲ. ಕೂತು ಓದಿದೆ. ಆಗ ಕಂಡಿತು: ಪ್ರತಿ ರೈತನಿಗೂ ಅವನ ಊರಿನ ಸಲಹೆ ಹುಡುಕಲು ಸ್ಟೈಲ್‌ಶೀಟು ಇಡೀ ಕಡತವನ್ನು ಮೊದಲಿನಿಂದ ಜಾಲಾಡುತ್ತಿತ್ತು. ಹನೂರಿಗೆ ಹೋಗುವ ಪ್ರತಿಯೊಬ್ಬರೂ ಕೊಳ್ಳೇಗಾಲದ ನಿಲ್ದಾಣದಲ್ಲಿ ನಿಂತ ಬಸ್ಸುಗಳನ್ನೆಲ್ಲ ಒಂದೊಂದಾಗಿ ವಿಚಾರಿಸಿಕೊಂಡು ಹೋದ ಹಾಗೆ. ಆರಂಭದಲ್ಲೇ ಒಂದು 'ಕೀ' ಬರೆದು, ಯಾವ ಊರಿನದು ಎಲ್ಲಿದೆ ಎಂದು ಒಮ್ಮೆ ಗುರುತಿಟ್ಟರೆ ಸಾಕು, ನೇರ ಅಲ್ಲಿಗೇ ಹೋಗುತ್ತದೆ. ಬರೆದೆ. ಒಂದು ಲೋಟ ಟೀ ಆರುವಷ್ಟರಲ್ಲಿ ಹಾಳೆಗಳೆಲ್ಲ ಸಿದ್ಧ.

ಆ ದಡ್ಡ ಹುಡುಕಾಟವನ್ನು ಮೊದಲು ಬರೆದವಳು ನಾನು, ಕನ್ನಡದ ಭಾಗದಲ್ಲಿ. ನೀನು ನನ್ನನ್ನು ನಂಬಿ ಅದನ್ನೇ ತಮಿಳಿಗೂ ಇಳಿಸಿಕೊಂಡಿದ್ದೆ.

ನಿನ್ನ ಸಾಲುಗಳ ಹಳೆಯ ಪ್ರತಿ ನನ್ನ ಬಳಿಯೇ ಇತ್ತು. ಅದನ್ನೂ ಅಳಿಸಲು ಕೈ ಬಂದಿರಲಿಲ್ಲ. ಮತ್ತೆ ಸೇರಿಸಿ ಒಂದು ಹಾಳೆ ತೆಗೆದೆ. ಕೊನೆಯಲ್ಲಿ, ಕನ್ನಡದಲ್ಲಿ ಇಲ್ಲದ ಒಂದು ಸಾಲು. ನನಗೆ ತಮಿಳು ಓದಲು ಬಾರದು, ಹಾಳೆ ಹಂಚಲು ಒಯ್ಯುವ ಗಡಿ ಕಡೆಯ ಡ್ರೈವರಣ್ಣನಿಗೆ ತೋರಿಸಿದೆ.

"ಇದ ಮಾಡ್ದೋರು ಗೌರಿ, ಸೆಲ್ವಿ ಅಂತದೆ ಕಣವ್ವ," ಅಂದ. "ನಿನ್ ಎಸ್ರೇ ಮೊದ್ಲದೆ. ಗೊತ್ತಿರ್ನಿಲ್ವಾ?"

"ಗೊತ್ತಿರಲಿಲ್ಲ ಅಣ್ಣ," ಅಂದೆ.

ಈ ವಾರದ ಹಾಳೆ ಹೂಗ್ಯಂಗೆ ಹೋಗಿದೆ. ನಿನ್ನ ಅಮ್ಮ ಓದಿ, ಮಗಳು ಮತ್ತೆ ಅಲ್ಲಿಗೇ ಸೇರಿದಳೇನೋ ಅಂದುಕೊಂಡಿರಬಹುದು — ಅದಕ್ಕೂ ನಾನೇ ಹೊಣೆ. ಮಾಲೀಕರಿಗೆ ನಿನ್ನೆ ಎಲ್ಲ ಹೇಳಿದೆ. ಭಾನುವಾರ ಯಳಂದೂರಿಗೆ ಬರುತ್ತೇನೆ. ಒಳಗೆ ಕರೆಯಬೇಕೆಂದಿಲ್ಲ. ಗಿರಾಕಿಗಳಿದ್ದರೆ ಹೊರಗೇ ಕಾಯುತ್ತೇನೆ. ಬರೆದದ್ದು ಸಾಲದು, ಸುಳ್ಳು ಆಡಿದ ಬಾಯಿಂದಲೇ ಆಡಬೇಕು — ಓನರ್ ಅನ್ನಲಿಲ್ಲ ಕಣೇ, ನಾನೇ ತಗ್ದಿದ್ದು.